ಅಂಡಮಾನಿನ ಕೊಂಬೇರಿ ಹಾವು ನನಗೆ ಸಿಕ್ಕಿದ್ದು ಹೀಗೆ

ಪುತ್ತೂರು ಕಡೆಯ ನಮ್ಮ ತೋಟದಲ್ಲಿ ಕೊಂಬೇರಿ ಮೂರ್ಖ ಕಂಡರೆ ಅಜ್ಜಿ ನಮ್ಮನ್ನೆಲ್ಲ ಒಳಗೆ ಕರೆದುಬಿಡುತ್ತಿದ್ದರು. ಕಚ್ಚಿದ ಮೇಲೆ ಅದು ಮರ ಹತ್ತಿ ಕೂರುತ್ತದೆ, ಸತ್ತವನ ಚಿತೆಯ ಹೊಗೆ ನೋಡಿಯೇ ಇಳಿಯುತ್ತದೆ ಅಂತ ಅವರ ಮಾತು. ಪಾಪ, ಅದಕ್ಕೆ ವಿಷವೇ ಇಲ್ಲ. ಅದೇ ಕುಲದ ಇನ್ನೊಂದು ಹಾವು ಅಂಡಮಾನಿನಲ್ಲಿ ಮಾತ್ರ ಇದೆ. 1871ರಲ್ಲಿ ಜಾನ್ ಆಂಡರ್ಸನ್ ಅದನ್ನು ಮೊದಲು ವಿವರಿಸಿದರು. ಅದರ ಫೋಟೋ ತೆಗೆಯಬೇಕು ಅಂತ ಫೆಬ್ರವರಿಯಲ್ಲಿ ಚಿಡಿಯಾ ಟಾಪುಗೆ ಹೋದೆ. ಪೋರ್ಟ್ ಬ್ಲೇರ್‌ನಿಂದ (ಈಗಿನ ಹೆಸರು ಶ್ರೀ ವಿಜಯ ಪುರಂ) ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್.

ಮೂರು ದಿನ ಹಗಲೆಲ್ಲ ಸುತ್ತಿದೆ. ಎರಡು ಸಲ ಕಂಡಿತು. ಕ್ಯಾಮೆರಾ ಎತ್ತುವಷ್ಟರಲ್ಲಿ ಮಾಯ. ಹೊಟ್ಟೆಯ ಹುರುಪೆಗಳ ಎರಡೂ ಅಂಚಿನಲ್ಲಿ ಏಣಿನಂಥ ಗೆರೆ ಇರುವುದರಿಂದ ತೊಗಟೆಯನ್ನು ಹಿಡಿದು ಸರಸರ ಏರಿಬಿಡುತ್ತದೆ. ಜೊತೆಗೆ ಬಂದಿದ್ದ ಊರ ಹುಡುಗ ಹಿಂದಿಯಲ್ಲಿ ಹೇಳಿದ: "ಹಗಲು ಓಡಾಡುವ ಹಾವು ಸರ್ ಇದು. ಮಲಗಿದಾಗ ನೋಡೋಣ."

ಅಲ್ಲಿ ಆರು ಗಂಟೆಗೆಲ್ಲ ಪೂರ್ತಿ ಕತ್ತಲು. ಕಾಡೊಳಗೆ ಹೋಗದೆ ರಸ್ತೆ ಬದಿಯಲ್ಲೇ ನಡೆದೆವು. ಗಂಬೂಟು ಹಾಕಿದ್ದೆವು. ಟಾರ್ಚನ್ನು ನೇರ ಬಿಡದೆ ಓರೆಯಾಗಿ, ಎದೆಯೆತ್ತರದ ಪೊದೆಗಳ ತೆಳು ಕಡ್ಡಿಗಳ ತುದಿಗೆ ಹಿಡಿಯಬೇಕು. ಮಲಗಿದ ಹಾವಿನ ಮೈ ಬಳ್ಳಿಗಿಂತ ನುಣುಪಾಗಿ ಹೊಳೆಯುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಅಂಥದ್ದೇ ಪೊದೆಗಳಲ್ಲಿ ಅಂಡಮಾನಿನ ಗುಳಿ ಮಂಡಲವೂ ಕೂತಿರುತ್ತದೆ. ಅದು ವಿಷದ ಹಾವು, ಬಣ್ಣ ಒಂದೊಂದಕ್ಕೆ ಒಂದೊಂದು ಥರ. ಬಣ್ಣ ನಂಬಬೇಡಿ. ಅಗಲ ತಲೆ, ದಪ್ಪ ಮೈ, ಸೀಳಿನಂಥ ಕಣ್ಣಪಾಪೆ ಕಂಡರೆ ಮಂಡಲ. ಕೊಂಬೇರಿಗೆ ಬೆರಳಿನಷ್ಟು ತೆಳು ಮೈ, ದೊಡ್ಡ ದುಂಡು ಕಣ್ಣು. ನಮ್ಮ ದೇಶದಲ್ಲಿ ಹಾವು ಕಚ್ಚಿದರೆ ಕೊಡುವ ಸಾಮಾನ್ಯ ಮದ್ದು ತಯಾರಾಗುವುದು ಮುಖ್ಯ ಭೂಭಾಗದ ನಾಲ್ಕು ಹಾವುಗಳ ವಿಷದಿಂದ. ದ್ವೀಪದ ನಾಗರ, ಕಟ್ಟುಹಾವು, ಮಂಡಲ ಎಲ್ಲ ಬೇರೆಯೇ ಜಾತಿ. ಆ ಮದ್ದು ಇವಕ್ಕೆ ಸರಿಯಾಗಿ ನಾಟುತ್ತದೆ ಅಂತ ನಂಬುವ ಹಾಗಿಲ್ಲ. ಹಾಗಾಗಿ ಎರಡು ಮೀಟರ್ ದೂರದಿಂದಲೇ ಗುರುತು ಹಿಡಿಯುತ್ತಿದ್ದೆ, ಪೊದೆಗೆ ಕೈ ಹಾಕಲೇ ಇಲ್ಲ.

ಎರಡನೇ ರಾತ್ರಿ ಎಂಟರ ಹೊತ್ತಿಗೆ ಸಿಕ್ಕಿತು. ಕಡ್ಡಿಯ ಮೇಲೆ ಸಡಿಲವಾಗಿ ಸುತ್ತಿಕೊಂಡಿತ್ತು. ಹಾವಿಗೆ ರೆಪ್ಪೆ ಇಲ್ಲವಲ್ಲ, ಕಣ್ಣು ತೆರೆದೇ ಇತ್ತು. ಫ್ಲಾಶ್ ಹಾಕಲು ಮನಸ್ಸಾಗಲಿಲ್ಲ. ಜಾಗದ ಗುರುತಿಗೆ ರಸ್ತೆಯಲ್ಲಿ ಮೂರು ಕಲ್ಲು ಜೋಡಿಸಿಟ್ಟು ಬಂದೆವು.

ಬೆಳಗ್ಗೆ ಐದಕ್ಕೆ ಮತ್ತೆ ಹೋಗಿ ಕೂತೆ. ಅಲ್ಲೇ ಇತ್ತು! ಬಿಸಿಲು ಬಿದ್ದ ಮೇಲೆ ತಲೆಯೊಂದೇ ಅಲುಗಿತು. ಲೆನ್ಸ್ ಬದಲಿಸಲು ನಾನು ಎದ್ದೆ. ಏಳಬಾರದಿತ್ತು. ಕೂಡಲೇ ಕುತ್ತಿಗೆ ಉಬ್ಬಿಸಿತು. ಕಂಚಿನ ಬಣ್ಣದ ಹುರುಪೆಗಳ ನಡುವೆ ನೀಲಿ ಬಿಚ್ಚಿಕೊಂಡಿತು. ಎಷ್ಟು ಚಂದ ಅಂತೀರಿ! ಆದರೆ ಅದು ಹೆದರಿಕೆಯ ನೀಲಿ. ಒಂದೇ ಫೋಟೋ ತೆಗೆದು ನಾಲ್ಕು ಹೆಜ್ಜೆ ಹಿಂದೆ ಬಂದು ಕೂತೆ. ನಿಧಾನವಾಗಿ ನೀಲಿ ಮುಚ್ಚಿತು. ಆಮೇಲೆ ಅರ್ಧ ಗಂಟೆ ಅದು ಬಿಸಿಲು ಕಾಯಿಸಿತು, ನಾನು ನೋಡುತ್ತಾ ಕೂತೆ.