ಕಥೆ ಇಲ್ಲಿಯವರೆಗೆ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ನಾನು ನಾಲ್ಕು ಸಲ ಶುರು ಮಾಡಿ, ನಾಲ್ಕು ಸಲವೂ ಅರವತ್ತು ಎಪ್ಪತ್ತನೇ ಪುಟದ ಹೊತ್ತಿಗೆ ಕೈಬಿಟ್ಟಿದ್ದೆ. ಐದನೇ ಸಲ ಓದಿ ಮುಗಿಸಿದೆ. 96 ದಿನ ಹಿಡಿಯಿತು. ಆಗ ಮಗಳು ಐದನೇ ಕ್ಲಾಸು, ಮಗ ಒಂದನೇ ಕ್ಲಾಸು, ಅತ್ತೆಗೆ ಸಕ್ಕರೆ ಕಾಯಿಲೆ, ನನಗೆ ಮೈಸೂರಿನಿಂದ ಮಂಡ್ಯಕ್ಕೆ ದಿನಾ ರೈಲಿನಲ್ಲಿ ಹೋಗಿಬರುವ ಕೆಲಸ. ಇಷ್ಟರ ನಡುವೆ ಅದು ಹೇಗೆ ಮುಗಿಯಿತು ಅಂತ ರೈಲಿನಲ್ಲಿ, ಕಚೇರಿಯಲ್ಲಿ ಕೇಳಿದವರು ಹೆಚ್ಚಾಗಿ ನನ್ನ ವಯಸ್ಸಿನ ಹೆಂಗಸರೇ. ಅವರಿಗಾಗಿ ಬರೆಯುತ್ತಿದ್ದೇನೆ.

ಆ ಪುಸ್ತಕವೇ ಯಾಕೆ ಅಂದರೆ, 2010ರಲ್ಲಿ ಮೈಸೂರಿನ ರಂಗಾಯಣ ಅದನ್ನು ನಾಟಕ ಮಾಡಿತು. ನಿರ್ದೇಶನ ಸಿ. ಬಸವಲಿಂಗಯ್ಯನವರದು. ರಾತ್ರಿ ಶುರುವಾದರೆ ಬೆಳಗಿನವರೆಗೆ, ಒಂಬತ್ತು ತಾಸು. ನಮಗೆ ಆಗಿನ್ನೂ ಮಕ್ಕಳಿರಲಿಲ್ಲ. ನಾನೂ ನಮ್ಮ ಯಜಮಾನರೂ ಶಾಲು ಹೊದ್ದು, ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ಇಡೀ ರಾತ್ರಿ ನೋಡಿದ್ದೆವು. ಅದಾಗಿ ಒಂದು ವಾರಕ್ಕೆ ಪುಸ್ತಕ ಕೊಂಡೆ. ಕೊಂಡ ದಿನ ಎರಡು ತಿಂಗಳಲ್ಲಿ ಓದಿಬಿಡುತ್ತೇನೆ ಅಂದುಕೊಂಡಿದ್ದೆ. ಅಷ್ಟರಲ್ಲಿ ಮಗಳು ಹೊಟ್ಟೆಗೆ ಬಂದಳು.

ಮದುವೆಗೆ ಮುಂಚೆ ನಾನು ಓದುತ್ತಿದ್ದ ರೀತಿ ಒಂದೇ. ಊಟಕ್ಕೆ ಕರೆದರೂ ಕೇಳಿಸದ ಹಾಗೆ ಕೂತು, ಒಂದು ಪುಸ್ತಕವನ್ನು ಎರಡು ದಿನದಲ್ಲಿ ಮುಗಿಸಿ ಏಳುವುದು. ನನ್ನ ಮಟ್ಟಿಗೆ ಓದು ಅಂದರೆ ಅದೇ. ಮಕ್ಕಳಾದ ಮೇಲೆ ಅಂಥ ಎರಡು ದಿನ ಎಲ್ಲಿಂದ ಬರಬೇಕು? ಬರಲಿಲ್ಲ, ಆದ್ದರಿಂದ ಓದಲಿಲ್ಲ. ಸುಮಾರು ಹತ್ತು ವರ್ಷ ಹೀಗೇ ಕಳೆಯಿತು. ಮಧ್ಯೆ ಮಾಡಿದ ಪ್ರಯತ್ನಗಳು ಹಲವು. ಬೆಳಿಗ್ಗೆ ನಾಲ್ಕೂವರೆಗೆ ಅಲಾರಂ ಇಟ್ಟು ಎದ್ದೆ; ಹನ್ನೊಂದು ದಿನ ನಡೆಯಿತು, ಹನ್ನೆರಡನೇ ದಿನ ಕಚೇರಿಯಲ್ಲಿ ಲೆಕ್ಕ ತಪ್ಪಿತು. ತಿಂಗಳಿಗೆ ನಾಲ್ಕು ಪುಸ್ತಕ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ತಿಂಗಳ ಕೊನೆಗೆ ಆ ಗುರುತು ನೋಡಿದರೆ ಸಂಕಟವಾಗುತ್ತಿತ್ತು. ಫೋನಿನಲ್ಲಿ ಓದಲು ನೋಡಿದೆ. ಎರಡು ಪುಟ ಆಗುವಷ್ಟರಲ್ಲಿ ಶಾಲೆಯ ಗುಂಪಿನಲ್ಲಿ ಹೋಮ್‌ವರ್ಕಿನ ಮೆಸೇಜು ಬರುತ್ತದೆ, ಅದನ್ನು ತೆರೆದ ಮೇಲೆ ಕಥೆಗೆ ವಾಪಸ್ಸಾಗುವುದು ಕಷ್ಟ.

ಕೇಳುಪುಸ್ತಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲರೂ ಮೊದಲು ಕೊಡುವ ಸಲಹೆ ಅದು. ಅಡುಗೆ ಮಾಡುತ್ತಾ ಕಾದಂಬರಿ ಕೇಳುವುದು ನನ್ನ ಕೈಲಿ ಆಗಲಿಲ್ಲ. ಒಗ್ಗರಣೆಯ ಸದ್ದು, ಮಿಕ್ಸಿ, ಕುಕ್ಕರಿನ ಕೂಗು, ನಡುವೆ ಮಗನ ಜಗಳ. ಒಂದು ಮಾತು ತಪ್ಪಿಹೋದರೆ ಒದ್ದೆ ಕೈಯಲ್ಲಿ ಹಿಂದಕ್ಕೆ ಸರಿಸಬೇಕು. ಆದರೆ ಬಟ್ಟೆ ಮಡಿಸುವಾಗ, ಅವರೆಕಾಯಿ ಸುಲಿಯುವಾಗ ಸಣ್ಣ ಕಥೆ ಕೇಳುವುದು ತುಂಬ ಚೆನ್ನಾಗಿ ಹೊಂದುತ್ತದೆ. ಅವರೆಕಾಯಿ ಕಾಲದಲ್ಲಿ, ಡಿಸೆಂಬರ್ ಜನವರಿಯಲ್ಲಿ, ನಾನೂ ಅತ್ತೆಯೂ ಕೂತು ಎಷ್ಟೋ ಕಥೆ ಕೇಳಿದ್ದೇವೆ. ಕೈಗೆ ಒಂದೇ ಬಗೆಯ ಕೆಲಸ, ಕಿವಿಗೆ ಅರ್ಧ ಗಂಟೆಯ ಕಥೆ: ಅಷ್ಟಕ್ಕೆ ಅದು ಸರಿ. ದೊಡ್ಡ ಪುಸ್ತಕಕ್ಕೆ ನನಗೆ ಕಣ್ಣೇ ಬೇಕು.

ಒಂದು ತಪ್ಪನ್ನೂ ಹೇಳಿಯೇ ಮುಂದೆ ಹೋಗಬೇಕು. ನಾಲ್ಕನೇ ಸಲ ಪುಸ್ತಕ ಹಿಡಿದಾಗ, ಒಂದು ಸಂಜೆ ಸಾರು ಕುದಿಯುವವರೆಗೆ ಎರಡೇ ಪುಟ ಅಂತ ಕೂತೆ. ಎರಡು ಹನ್ನೆರಡಾಯಿತು. ಆಮೇಲೆ ಗಡಿಬಿಡಿಯಲ್ಲಿ ಎಲ್ಲರಿಗೂ ಬಡಿಸಿದೆ, ಅತ್ತೆಗೆ ಊಟಕ್ಕೆ ಮುಂಚೆ ಕೊಡಬೇಕಾದ ಮಾತ್ರೆ ಮರೆತೆ. ಮಾರನೇ ಬೆಳಿಗ್ಗೆ ಅವರಿಗೆ ತಲೆ ಸುತ್ತಿ ಬಂತು, ಸಕ್ಕರೆ ನೋಡಿದರೆ ಬಹಳ ಏರಿತ್ತು. ನಾನು ಅಳುತ್ತಾ ಪುಸ್ತಕವನ್ನು ಅಟ್ಟದ ಪೆಟ್ಟಿಗೆಗೆ ಹಾಕಲು ಹೋದೆ. ಅದೇ ದಿನ ಬಂದಿದ್ದ ನೆಂಟರೊಬ್ಬರು ‘ಪುಸ್ತಕ ಹಿಡಿದುಕೊಂಡು ಕೂತರೆ ಮನೆ ನಡೆಯುತ್ತೇನಮ್ಮಾ’ ಅಂದರು. ಅತ್ತೆ ಮಲಗಿದ್ದಲ್ಲಿಂದಲೇ, ‘ಮಾತ್ರೆ ಮರೆತದ್ದು ತಪ್ಪು. ಓದಿದ್ದು ತಪ್ಪಲ್ಲ. ಎರಡನ್ನೂ ಸೇರಿಸಬೇಡಿ’ ಅಂದರು. ಆ ಮಾತು ನನಗೆ ಇವತ್ತಿಗೂ ದೊಡ್ಡದು.

ಅಟ್ಟದ ಪೆಟ್ಟಿಗೆಯಲ್ಲಿ ಅವರದೇ ಒಂದು ಗಂಟು ಇತ್ತು. ಅದನ್ನು ಇಳಿಸು ಅಂದರು. ಹಳೆಯ ವಾರಪತ್ರಿಕೆಗಳ ಧಾರಾವಾಹಿ ಪುಟಗಳನ್ನು ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ, ದಬ್ಬಳದಲ್ಲಿ ಗೋಣಿದಾರ ಹಾಕಿ ಹೊಲಿದು, ಕ್ಯಾಲೆಂಡರಿನ ರಟ್ಟು ಅಂಟಿಸಿದ ಪುಸ್ತಕಗಳು. ಒಂಬತ್ತು ಇದ್ದವು. ‘ಸುಧಾ’ 1965ರಲ್ಲಿ ಶುರುವಾದ ಪತ್ರಿಕೆ. ಅತ್ತೆ ಮದುವೆಯಾಗಿ ಬಂದ ಮನೆಯಲ್ಲಿ ಅದು ಮೊದಲು ಮಾವನ ಕೈಗೆ, ಆಮೇಲೆ ಮೈದುನಂದಿರ ಕೈಗೆ ಹೋಗಿ, ಮೂರನೇ ದಿನ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಇವರ ಕೈಗೆ ಬರುತ್ತಿತ್ತಂತೆ. ವಾರಕ್ಕೆ ಒಂದು ಕಂತು, ನಾಲ್ಕೈದು ಪುಟ. ಹೀಗೆ ಒಂದು ಕಾದಂಬರಿ ಮುಗಿಯಲು ಐದಾರು ತಿಂಗಳು. ಅಷ್ಟು ದಿನವೂ ಆ ಕಥೆಯ ಜನ ಅವರ ಜೊತೆ ಒಲೆಯ ಮುಂದೆ ಇರುತ್ತಿದ್ದರು.

‘ಎಂ.ಕೆ. ಇಂದಿರಾ ಮೊದಲ ಕಾದಂಬರಿ ತಂದಾಗ ನಲವತ್ತು ದಾಟಿತ್ತು, ಗೊತ್ತಾ? ಸಂಸಾರ ಮಾಡಿಕೊಂಡೇ ಬರೆದಳು ಆಕೆ. ನಾವು ಓದುವುದಕ್ಕೇನು?’ ಅಂದರು ಅತ್ತೆ. ಲೆಕ್ಕ ಸರಿಯೇ, ಇಂದಿರಾ ಹುಟ್ಟಿದ್ದು 1917, ‘ತುಂಗಭದ್ರಾ’ ಬಂದದ್ದು 1963.

ಆ ಹೊಲಿದ ಪುಸ್ತಕಗಳಲ್ಲಿ ನನ್ನ ಕಣ್ಣು ನಿಂತದ್ದು ಇನ್ನೊಂದರ ಮೇಲೆ. ಪ್ರತಿ ಕಂತಿನ ತಲೆಯ ಮೇಲೆ, ಹಿಂದಿನ ವಾರದವರೆಗಿನ ಕಥೆಯನ್ನು ಪತ್ರಿಕೆಯವರು ನಾಲ್ಕು ಸಾಲಿನಲ್ಲಿ ಹೇಳಿರುತ್ತಾರಲ್ಲ, ‘ಕಥೆ ಇಲ್ಲಿಯವರೆಗೆ’ ಅಂತ. ಅದು ಇಲ್ಲದ ಕಡೆ ಅತ್ತೆ ತಾವೇ ಸೀಸದಕಡ್ಡಿಯಲ್ಲಿ ಬರೆದುಕೊಂಡಿದ್ದರು.

ನಾಲ್ಕು ಸಲ ನಾನು ಸೋತದ್ದು ಎಲ್ಲಿ ಅಂತ ಆಗ ಹೊಳೆಯಿತು. ‘ಮಲೆಗಳಲ್ಲಿ ಮದುಮಗಳು’ ಏಳುನೂರರ ಆಸುಪಾಸಿನ ಪುಟಗಳ ಪುಸ್ತಕ. ಕೋಣೂರು, ಹೂವಳ್ಳಿ, ಬೆಟ್ಟಳ್ಳಿ, ಹಳೆಮನೆ, ಸಿಂಬಾವಿ ಅಂತ ಎಷ್ಟೊಂದು ಮನೆ, ಒಂದೊಂದು ಮನೆಗೂ ಒಡೆಯರು, ಆಳುಗಳು, ಹೆಂಗಸರು, ಮಕ್ಕಳು. ಮಗನಿಗೆ ಜ್ವರ ಬಂದು ನಾಲ್ಕು ದಿನ ಪುಸ್ತಕ ಮುಟ್ಟದಿದ್ದರೆ ಯಾರು ಯಾವ ಮನೆಯವರು ಅನ್ನುವುದೇ ಮರೆತುಹೋಗುತ್ತಿತ್ತು. ಮೊದಲಿಂದ ಓದಬೇಕು ಅನ್ನಿಸುತ್ತಿತ್ತು. ಮೊದಲಿಂದ ಓದಲು ಹೊತ್ತಿಲ್ಲ. ಅಲ್ಲಿಗೆ ಮುಗಿಯಿತು. ಹೊತ್ತು ಕಡಿಮೆ ಇದ್ದದ್ದು ನಿಜ, ಆದರೆ ನನ್ನನ್ನು ನಿಲ್ಲಿಸುತ್ತಿದ್ದದ್ದು ಮರೆವು.

ಮೇ ತಿಂಗಳ ನಡುವೆ ಐದನೇ ಸಲ ಶುರು ಮಾಡಿದೆ. ಹತ್ತು ರೂಪಾಯಿಯ ಒಂದು ಸಣ್ಣ ನೋಟುಬುಕ್ಕು ಕೊಂಡೆ. ನಿಯಮ ಒಂದೇ: ಎಷ್ಟೇ ಓದಲಿ, ಎರಡು ಪುಟವೇ ಆಗಲಿ, ಪುಸ್ತಕ ಮುಚ್ಚುವ ಮುಂಚೆ ‘ಇಲ್ಲಿಯವರೆಗೆ’ ಅಂತ ಒಂದೋ ಎರಡೋ ಸಾಲು ಬರೆಯಬೇಕು. ಯಾರು, ಎಲ್ಲಿದ್ದಾರೆ, ಏನಾಗುವುದರಲ್ಲಿದೆ. ಇಷ್ಟೇ. ಮೊದಮೊದಲು ಚೆಂದದ ಮಾತುಗಳನ್ನೆಲ್ಲ ಬರೆದುಕೊಳ್ಳಲು ಹೋಗಿ ಅರ್ಧ ಸಮಯ ಅದಕ್ಕೇ ಹೋಯಿತು, ಅದನ್ನು ಬಿಟ್ಟೆ. ಹಿಂದಿನ ರಟ್ಟಿನ ಒಳಗೆ ಮನೆಗಳ ಹೆಸರು ಬರೆದು, ಹೊಸಬರು ಬಂದ ಹಾಗೆ ಆ ಮನೆಯ ಕೆಳಗೆ ಸೇರಿಸುತ್ತಾ ಹೋದೆ. ಕೋಣೂರಿನ ಕೆಳಗೆ ಮುಕುಂದಯ್ಯ, ಹೂವಳ್ಳಿಯ ಕೆಳಗೆ ಚಿನ್ನಮ್ಮ, ಹೀಗೆ. ಇಪ್ಪತ್ತು ದಿನದ ಹೊತ್ತಿಗೆ ಆ ಪಟ್ಟಿ ನೋಡುವ ಅಗತ್ಯವೇ ಬೀಳಲಿಲ್ಲ, ನೆಂಟರ ಮನೆಗಳ ಹಾಗೆ ನೆನಪಿರುತ್ತಿದ್ದವು.

ಓದುವ ಜಾಗ ರೈಲು. ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿಲೋಮೀಟರ್. ತಿಂಗಳ ಪಾಸಿನವರ ಗಾಡಿಯಲ್ಲಿ ಬೆಳಿಗ್ಗೆ ಕೂರಲು ಜಾಗ ಸಿಕ್ಕರೆ ಸಿಕ್ಕಿತು. ಸಿಕ್ಕ ದಿನ ನಾಗನಹಳ್ಳಿ ಬರುವವರೆಗೆ ಹಿಂದಿನ ದಿನದ ಸಾಲು ನೋಡಿಕೊಳ್ಳುವುದು, ಅಲ್ಲಿಂದ ಎಲಿಯೂರಿನವರೆಗೆ ಓದು, ಎಲಿಯೂರು ದಾಟಿದ ಕೂಡಲೇ ಪೆನ್ನು. ನಿಂತ ದಿನ ಓದಲು ಹೋಗುತ್ತಿರಲಿಲ್ಲ. ಅಷ್ಟು ದಪ್ಪ ಪುಸ್ತಕವನ್ನು ಒಂದು ಕೈಯಲ್ಲಿ ಹಿಡಿದು ನಿಲ್ಲುವುದು ಆಗದ ಮಾತು. ಊಟದ ಡಬ್ಬಿಯ ಜೊತೆ ಇಟ್ಟು ಒಮ್ಮೆ ಸಾರು ಚೆಲ್ಲಿದ ಮೇಲೆ ಅದಕ್ಕೇ ಒಂದು ಬಟ್ಟೆ ಚೀಲ ಹೊಲಿದೆ. ಸಂಜೆ ವಾಪಸ್ ಬರುವಾಗ ಓದುವುದಿಲ್ಲ ಅಂತ ತೀರ್ಮಾನಿಸಿದ್ದೆ. ಆ ಹೊತ್ತು ಜೊತೆಯವರೊಂದಿಗೆ ಮಾತು, ಇಲ್ಲವೇ ಕಿಟಕಿ. ಸರಾಸರಿ ದಿನಕ್ಕೆ ಏಳು ಪುಟ ಬಂತು. ಏಳು ಪುಟ ಅಂದರೆ ಅತ್ತೆಯ ಕಾಲದ ವಾರದ ಕಂತಿಗಿಂತ ಹೆಚ್ಚು.

ಸಂಜೆ ಆರೂವರೆಯಿಂದ ಒಂಬತ್ತರವರೆಗೆ ಮನೆಯಲ್ಲಿ ನಾನು ಪುಸ್ತಕ ಮುಟ್ಟುವುದಿಲ್ಲ. ಇದು ಆ ಮಾತ್ರೆಯ ದಿನದಿಂದ ಇರುವ ಕಟ್ಟು, ಇವತ್ತಿಗೂ ಮುರಿದಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರ ಎರಡು ಗಂಟೆ ನನ್ನದು. ತಿಂಡಿ, ಮಕ್ಕಳ ಸ್ನಾನ ಯಜಮಾನರ ಪಾಲು. ಇದನ್ನು ಅವರು ತಾವಾಗಿ ಕೊಡಲಿಲ್ಲ, ನಾನು ಕೇಳಿದೆ. ಕೇಳಲು ಅಷ್ಟು ವರ್ಷ ತಡೆದದ್ದು ಯಾಕೆ ಅನ್ನುವುದು ನನಗೆ ಈಗ ಅರ್ಥವಾಗುವುದಿಲ್ಲ.

ಆ ಎರಡು ಗಂಟೆಯಲ್ಲಿ ಒಂದೊಂದು ಭಾನುವಾರ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಹೋಗುತ್ತೇನೆ. ಮನೆಕಂದಾಯ ಕಟ್ಟುವಾಗ ರಸೀದಿಯಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ, ನೋಡಿ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ತೆರಿಗೆಯ ಒಂದೊಂದು ರೂಪಾಯಿಗೆ ಆರು ಪೈಸೆ. ಅಂದರೆ ಪ್ರತಿ ವರ್ಷ ಪುಸ್ತಕಕ್ಕೆ ದುಡ್ಡು ಕಟ್ಟಿಯೇ ಇದ್ದೇವೆ, ತರಲು ಹೋಗುವುದಿಲ್ಲ ಅಷ್ಟೇ. ಸಣ್ಣ ಪುಸ್ತಕ, ಮಕ್ಕಳ ಪುಸ್ತಕ ಅಲ್ಲಿಂದ; 96 ದಿನ ಹಿಡಿಯುವಂಥದ್ದನ್ನು ಕೊಳ್ಳಲೇಬೇಕು, ಅವಧಿಯ ಭಯ ತಲೆಯ ಮೇಲಿದ್ದರೆ ನಿಧಾನವಾಗಿ ಓದಲು ಆಗದು. ಕೊಳ್ಳುವವರು ನವೆಂಬರ್‌ವರೆಗೆ ಕಾಯಬಹುದು, ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ರಿಯಾಯಿತಿ ದರದಲ್ಲಿ ಪುಸ್ತಕ ಕೊಡುತ್ತದೆ.

ಇನ್ನು ಮನೆಯವರ ಪಾಲು. ಕಣ್ಣಿಗೆ ಪೊರೆ ಬಂದು ಅತ್ತೆಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ರಾತ್ರಿ ಅವರ ಕಾಲಿಗೆ ಎಣ್ಣೆ ಹಚ್ಚುವಾಗ ಆ ದಿನದ ‘ಇಲ್ಲಿಯವರೆಗೆ’ ಓದಿ ಹೇಳತೊಡಗಿದೆ. ಎರಡು ಸಾಲಿಗೆ ಅವರು ಇಪ್ಪತ್ತು ಪ್ರಶ್ನೆ ಕೇಳುತ್ತಿದ್ದರು, ಉತ್ತರ ಹೇಳುತ್ತಾ ಹೇಳುತ್ತಾ ನನಗೇ ಕಥೆ ಗಟ್ಟಿಯಾಗುತ್ತಿತ್ತು. ಮಗ ಪಕ್ಕದಲ್ಲಿ ಮಲಗಿ ಕೇಳಿಸಿಕೊಳ್ಳುತ್ತಿದ್ದ. ಅವನಿಗೆ ಮನುಷ್ಯರ ಗೊಡವೆ ಇರಲಿಲ್ಲ. ಬೇಕಾದದ್ದು ಕಥೆಯಲ್ಲಿ ಬರುವ ಆಳು ಗುತ್ತಿಯ ನಾಯಿ ‘ಹುಲಿಯ’ ಒಂದೇ. ದಿನಾ ರಾತ್ರಿ ಅದೇ ಪ್ರಶ್ನೆ: ‘ಅಮ್ಮಾ, ಹುಲಿಯ ಇವತ್ತು ಏನ್ ಮಾಡ್ತು?’ ಹುಲಿಯ ಬಾರದ ದಿನಗಳೇ ಹೆಚ್ಚು. ‘ಇವತ್ತು ಅದು ಬರಲಿಲ್ಲ ಕಂದಾ’ ಅಂದರೆ ‘ಹಾಗಾದ್ರೆ ನಾಳೆ ಜಾಸ್ತಿ ಓದು’ ಅನ್ನುತ್ತಿದ್ದ. ಬೆಳಿಗ್ಗೆ ನಾನು ಹೊರಡುವಾಗ ಆ ಬಟ್ಟೆ ಚೀಲವನ್ನು ತಂದು ಕೈಗೆ ಕೊಡುವ ಕೆಲಸವನ್ನೂ ಅವನೇ ವಹಿಸಿಕೊಂಡ. ಮನೆಯವರಿಂದ ಕದ್ದು ಓದಬೇಕು ಅನ್ನಿಸುತ್ತಿದ್ದ ಹೊತ್ತನ್ನು ಮನೆಯವರೇ ಜೋಪಾನ ಮಾಡತೊಡಗಿದರು. ಮಗಳು ಮಾತ್ರ ಇದ್ಯಾವುದಕ್ಕೂ ಬರಲಿಲ್ಲ, ಅವಳಿಗೆ ಅವಳದೇ ಪುಸ್ತಕಗಳು. ಬಲವಂತ ಮಾಡಲಿಲ್ಲ.

ಆಗಸ್ಟ್ ಬಂತು. ಕನ್ನಂಬಾಡಿ ತುಂಬಿ ನೀರು ಬಿಟ್ಟಿದ್ದರು, ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಗಾಡಿ ಬಂದಾಗ ಎಲ್ಲರೂ ಎದ್ದು ಕಿಟಕಿಗೆ ಬರುತ್ತಿದ್ದರು. ಕಾವೇರಿ ಕೆಂಪಗೆ, ಕಲ್ಲುಬಂಡೆ ಒಂದೂ ಕಾಣದ ಹಾಗೆ ಹರಿಯುತ್ತಿತ್ತು. ನನ್ನ ಮಡಿಲಲ್ಲಿ ಕೊನೆಯ ಪುಟಗಳು, ಅಲ್ಲಿ ತುಂಗೆ ತುಂಬಿ ಹರಿಯುತ್ತಿದ್ದಳು. ಆ ನೀರಿನಲ್ಲಿ ಹುಲಿಯ ಕೊಚ್ಚಿಹೋಯಿತು. ಪಾಂಡವಪುರ, ಬ್ಯಾಡರಹಳ್ಳಿ ಯಾವಾಗ ಹೋದವೋ ತಿಳಿಯಲಿಲ್ಲ. ಎಲಿಯೂರು ದಾಟಿದ ಮೇಲೆ ಪೆನ್ನು ತೆಗೆದೆ, ಬರೆಯಲು ಆಗಲಿಲ್ಲ. 96 ದಿನದಲ್ಲಿ ಸಾಲು ಬರೆಯದೆ ಪುಸ್ತಕ ಮುಚ್ಚಿದ್ದು ಅದೊಂದೇ ದಿನ.

ಇಡೀ ದಿನ ಕಚೇರಿಯಲ್ಲಿ ನನಗೆ ಅದೇ ಯೋಚನೆ, ಮಗನಿಗೆ ಹೇಗೆ ಹೇಳಲಿ ಅಂತ. ಗುತ್ತಿಯ ಜೊತೆ ಊರಿಗೆ ಹೋಯಿತು ಅಂದುಬಿಡೋಣ ಅಂದುಕೊಂಡೆ. ರಾತ್ರಿ ಎಣ್ಣೆಯ ಬಟ್ಟಲು ಹಿಡಿದು ಕೂತಾಗ ಅವನ ಪ್ರಶ್ನೆ ಬಂತು. ಅತ್ತೆ ನನ್ನ ಮುಖ ನೋಡಿ, ‘ಇದ್ದದ್ದು ಇದ್ದ ಹಾಗೆ ಹೇಳಮ್ಮಾ’ ಅಂದರು. ಹೇಳಿದೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಎದ್ದು ಹೋಗಿ ಬಟ್ಟೆ ಚೀಲದಿಂದ ನೋಟುಬುಕ್ಕು ತಂದು, ‘ಹುಲಿಯ ಫಸ್ಟು ಬಂದಿದ್ದು ಎಲ್ಲಿ, ತೋರ್ಸು’ ಅಂದ. ಮೊದಲ ಹಾಳೆ ತೆಗೆದುಕೊಟ್ಟೆ. ಆ ವರ್ಷ ಅವನಿಗೆ ಒತ್ತಕ್ಷರ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಅಜ್ಜಿಯ ಹಾಸಿಗೆಯ ತುದಿಯಲ್ಲಿ ಕೂತು, ಅಕ್ಷರದ ಕೆಳಗೆ ಬೆರಳಿಟ್ಟು, ನಿಂತು ನಿಂತು ಓದಿದ: ‘ಗು-ತ್ತಿ, ಅವನ ಹಿಂದೆ ಹು-ಲಿ-ಯ. ಇಬ್ಬರೂ ಕಾಡು ದಾರಿಯಲ್ಲಿ ಹೋಗು-ತ್ತಿ-ದ್ದಾರೆ.’