ರೇಸ್ ಕಾರಿಗೆ ನಾನು ಗೇರ್‌ಬಾಕ್ಸ್ ಆರಿಸಿದ್ದು ಹೀಗೆ

ರೇಸ್ ಕಾರು ಕಟ್ಟೋಕೆ ಹೊರಟವರ ಮಾತೆಲ್ಲ ಮೊದಲು ಎಂಜಿನ್ ಸುತ್ತಲೇ ಇರುತ್ತದೆ. ಕ್ಯಾಮ್, ಹೆಡ್ ವರ್ಕ್, ಎಕ್ಸಾಸ್ಟ್, ಇಸಿಯು (ಎಂಜಿನ್ ಕಂಪ್ಯೂಟರ್). ಗೇರ್‌ಬಾಕ್ಸ್ ಸುದ್ದಿ ಬರೋದು ಅದು ಕೈಕೊಟ್ಟ ಮೇಲೆ. ನಾನು ಇದನ್ನ ಉಲ್ಟಾ ಮಾಡಿದೆ. ಮೊದಲು ಗೇರ್‌ಬಾಕ್ಸ್ ಯಾವುದು ಅಂತ ತೀರ್ಮಾನಿಸಿ, ಆಮೇಲೆ ಅದು ಬರುವ ಕಾರನ್ನ ಹುಡುಕಿದೆ. ನನ್ನಂಥ ಹವ್ಯಾಸಿಗೆ ಸ್ಪಾನ್ಸರ್ ಇಲ್ಲ, ಟೀಮ್ ಇಲ್ಲ. ಬೆಂಗಳೂರಿನಲ್ಲಿ ರೇಸ್ ಟ್ರ್ಯಾಕ್ ಕೂಡ ಇಲ್ಲ, ಇರೋದು ಗೋ-ಕಾರ್ಟ್ ಟ್ರ್ಯಾಕ್‌ಗಳು. ಕಾರನ್ನ ಟ್ರೇಲರ್ ಮೇಲೆ ಹಾಕಿಕೊಂಡು ಹೊಸೂರು, ಕೃಷ್ಣಗಿರಿ, ವೇಲೂರು ದಾಟಿ ಶ್ರೀಪೆರಂಬುದೂರಿನ ಹತ್ತಿರದ ಮದ್ರಾಸ್ ಟ್ರ್ಯಾಕಿಗೆ ಹೋಗಬೇಕು, ಇಲ್ಲವೇ ಸೇಲಂ ದಾರಿಯಲ್ಲಿ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ. ಅಷ್ಟು ದೂರ ಹೋಗಿ ಪ್ರಾಕ್ಟೀಸ್‌ನಲ್ಲೇ ಮೂರನೇ ಗೇರ್ ಹೋದರೆ ವೀಕೆಂಡ್ ಅಲ್ಲಿಗೆ ಮುಗಿಯಿತು. ಎಂಜಿನ್ ಐದು ಕುದುರೆಶಕ್ತಿ ಕಡಿಮೆ ಇದ್ದರೆ ಹಿಂದಿನ ಸಾಲಿನಲ್ಲಾದರೂ ಓಡಬಹುದು. ಗೇರ್ ಇಲ್ಲದೆ ಏನು ಮಾಡ್ತೀರಿ?

ನನ್ನ ಮುಂದೆ ಮೂರು ಕಾರುಗಳಿದ್ದವು: ಮಾರುತಿ ಎಸ್ಟೀಮ್, ಹಳೇ ಹೋಂಡಾ ಸಿಟಿ ವಿಟೆಕ್, ಫೋಕ್ಸ್‌ವ್ಯಾಗನ್ ಪೋಲೊ. ಮೂರೂ ನಮ್ಮ ಟ್ರ್ಯಾಕ್‌ಗಳಲ್ಲಿ ಓಡಿದ ಕಾರುಗಳೇ.

ಪೋಲೊ ವಿಷಯದಲ್ಲಿ ಒಂದು ಅನುಕೂಲ ಇದೆ. ಫೋಕ್ಸ್‌ವ್ಯಾಗನ್ ತನ್ನ ಮ್ಯಾನುಯಲ್ ಗೇರ್‌ಬಾಕ್ಸ್‌ಗಳಿಗೆ ಇಡುವ ಹೆಸರಿನಲ್ಲೇ ಅದರ ತಾಕತ್ತು ಇರುತ್ತದೆ. ಎಂಕ್ಯೂ200 ಅಂದ್ರೆ ಸುಮಾರು 200 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ತಡೆಯುವ ವರ್ಗದ್ದು, ಎಂಕ್ಯೂ250 ಅಂದ್ರೆ 250ರದ್ದು. ಬೇರೆ ಕಂಪನಿಗಳವರೂ ಹೀಗೇ ಬರೆದುಬಿಟ್ಟಿದ್ದರೆ ನಮ್ಮ ಅರ್ಧ ತಲೆನೋವು ಹೋಗುತ್ತಿತ್ತು. ಹೋಂಡಾ ಬಾಕ್ಸ್‌ನಲ್ಲಿ ಗೇರ್ ಬೀಳುವ ಖುಷಿಯೇ ಬೇರೆ. ಆದರೆ ಇವೆರಡರ ಬಿಡಿಭಾಗಗಳ ಬೆಲೆ ಕೇಳಿದಾಗ ನನ್ನ ಲೆಕ್ಕಾಚಾರ ತಲೆಕೆಳಗಾಯಿತು. ಎಸ್ಟೀಮ್‌ದು ಹಾಗಲ್ಲ. 1298 ಸಿಸಿ ಎಂಜಿನ್, 85 ಕುದುರೆಶಕ್ತಿ, ಟಾರ್ಕ್ 110 ನ್ಯೂಟನ್ ಮೀಟರ್ ಆಸುಪಾಸು, ಕಾರಿನ ತೂಕ 900 ಕೆಜಿಯೊಳಗೆ. ಬಾಕ್ಸ್ ಮೇಲೆ ಬೀಳುವ ಹೊರೆಯೇ ಕಡಿಮೆ. ಮುಖ್ಯವಾಗಿ, ಅವುಗಳ ಒಂದು ಬಾಕ್ಸ್ ಬೆಲೆಗೆ ಇದರದ್ದು ಎರಡು ಸಿಗುತ್ತವೆ. ನಾನು ಎಸ್ಟೀಮ್ ಹಿಡಿದದ್ದು ಆ ಎರಡನೇ ಬಾಕ್ಸ್‌ಗಾಗಿ.

ಗಟ್ಟಿ ಬಾಕ್ಸ್ ಅಂದ್ರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಗೇರ್‌ಬಾಕ್ಸ್ ಒಳಗೆ ಗೇರ್‌ಗಳು ಕೂರುವ ಎರಡು ಶಾಫ್ಟ್ (ದಂಡ) ಅಕ್ಕಪಕ್ಕ ಇರುತ್ತವೆ. ಟಾರ್ಕ್ ಬಿದ್ದಾಗ ಹಲ್ಲುಗಳು ಒಂದನ್ನೊಂದು ದೂರ ತಳ್ಳುತ್ತವೆ, ಶಾಫ್ಟ್ ಬಾಗುತ್ತದೆ. ಬಾಗಿದಾಗ ಹಲ್ಲು ಪೂರ್ತಿ ಅಗಲಕ್ಕೆ ಕೂರದೆ ಅಂಚಿನಲ್ಲಿ ಮಾತ್ರ ತಾಗುತ್ತದೆ, ಅಲ್ಲಿಂದ ಚಕ್ಕೆ ಏಳುತ್ತದೆ. ಎರಡು ಶಾಫ್ಟ್‌ಗಳ ನಡುವಿನ ಅಂತರ ಜಾಸ್ತಿ ಇದ್ದಷ್ಟೂ ಗೇರ್ ದೊಡ್ಡದಾಗಿರುತ್ತದೆ, ಅದೇ ಟಾರ್ಕಿಗೆ ಹಲ್ಲಿನ ಮೇಲೆ ಬೀಳುವ ಬಲ ಕಡಿಮೆಯಾಗುತ್ತದೆ. ಅಮೆರಿಕದ ಹವ್ಯಾಸಿಗಳು ಮಸ್ಟಂಗ್‌ಗಳಲ್ಲಿ ಓಡಿಸುವ ಬೋರ್ಗ್-ವಾರ್ನರ್ ಟಿ-5 ಬಾಕ್ಸ್‌ನಲ್ಲಿ ಈ ಅಂತರ 77 ಮಿಲಿಮೀಟರ್. ಅದರ ದೊಡ್ಡಣ್ಣ ಟಿ-56ರಲ್ಲಿ 85. ಎಂಟು ಮಿಲಿಮೀಟರ್ ಏನು ಮಹಾ ಅನಿಸುತ್ತದೆ, ಆದರೆ ತಡೆಯುವ ಟಾರ್ಕಿನಲ್ಲಿ ಅಜಗಜಾಂತರ. ಹಾಗಂತ ದೊಡ್ಡ ಬಾಕ್ಸ್ ಪುಕ್ಕಟೆ ಬರೋದಿಲ್ಲ. ತೂಕ ಏರುತ್ತದೆ, ತಿರುಗಿಸೋಕೆ ಶಕ್ತಿ ತಿನ್ನುತ್ತದೆ, ಗೇರ್ ಬೀಳೋದು ನಿಧಾನವಾಗುತ್ತದೆ. ಹಗುರ ಕಾರು, ಸಣ್ಣ ಎಂಜಿನ್ ಇರುವವರಿಗೆ ಅದು ಸುಮ್ನೆ ಹೊರೆ.

ಬಹಳ ಜನ ಕೇಳೋದು ಡಾಗ್ ಬಾಕ್ಸ್ ಬಗ್ಗೆ. ಮಾಮೂಲಿ ಬಾಕ್ಸ್‌ನಲ್ಲಿ ಗೇರ್ ಸೇರುವ ಮುಂಚೆ ಉಜ್ಜಿ ಎರಡೂ ಕಡೆಯ ವೇಗ ಸಮ ಮಾಡುವ ಸಿಂಕ್ರೋ ರಿಂಗ್ ಅನ್ನೋ ಹಿತ್ತಾಳೆ ಉಂಗುರ ಇರುತ್ತದೆ. ಡಾಗ್ ಬಾಕ್ಸ್‌ನಲ್ಲಿ ಅದು ಇರೋದಿಲ್ಲ, ಅದರ ಬದಲು ನಾಲ್ಕೈದು ದಪ್ಪ ಹಲ್ಲುಗಳು ನೇರವಾಗಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಕ್ಲಚ್ ಸರಿಯಾಗಿ ಒತ್ತದೆಯೂ ಗೇರ್ ಹಾಕಬಹುದು, ಟಕ್ ಅಂತ ಬೀಳುತ್ತದೆ. ಕೇಳೋಕೆ ಚೆಂದ. ಆದರೆ ಡಾಗ್‌ಗಳ, ಅಂದ್ರೆ ಆ ದಪ್ಪ ಹಲ್ಲುಗಳ, ಮೂಲೆ ಸವೆಯುತ್ತದೆ, ಸವೆದ ಮೇಲೆ ಎಳೆತದಲ್ಲಿರುವಾಗಲೇ ಗೇರ್ ಆಚೆ ಹಾರುತ್ತದೆ. ಎಷ್ಟು ಗಂಟೆ ಓಡಿತು ಅಂತ ಲೆಕ್ಕ ಇಟ್ಟು ಬಿಚ್ಚಿ ನೋಡುತ್ತಿರಬೇಕು. ಬಿಡಿಭಾಗ ಹೊರದೇಶದಿಂದ ಬರಬೇಕು, ಕಸ್ಟಮ್ಸ್ ಕಟ್ಟಬೇಕು, ಕಾಯಬೇಕು. ನೇರ ಹಲ್ಲಿನ ಗೇರ್ ಅಂದ ಕೂಡಲೇ ಗಟ್ಟಿ ಅನ್ನೋ ನಂಬಿಕೆಯೂ ಅರ್ಧ ಸತ್ಯ. ಓರೆ ಹಲ್ಲಿನ ಗೇರ್‌ನಲ್ಲಿ ಒಂದೇ ಸಲಕ್ಕೆ ಹೆಚ್ಚು ಹಲ್ಲುಗಳು ಹೊರೆ ಹಂಚಿಕೊಳ್ಳುತ್ತವೆ. ನೇರ ಹಲ್ಲಿನ ಲಾಭ ಏನಂದ್ರೆ ಅದು ಶಾಫ್ಟನ್ನ ಉದ್ದಕ್ಕೆ ತಳ್ಳೋದಿಲ್ಲ, ಹಾಗಾಗಿ ಬೇರಿಂಗ್ ಮತ್ತು ಕೇಸಿಂಗ್ (ಹೊರಗಿನ ಕವಚ) ಬದುಕುತ್ತವೆ. ಇಷ್ಟರ ಮೇಲೆ ನಿಮ್ಮ ರೇಸ್ ಕ್ಲಾಸಿನ ರೂಲ್ ಪುಸ್ತಕ ಡಾಗ್ ಬಾಕ್ಸ್ ಒಪ್ಪುತ್ತದಾ ಅನ್ನೋದು ಬೇರೆ ಪ್ರಶ್ನೆ. ಅದನ್ನ ಓದದೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ.

ಮಾಮೂಲಿ ಕಾರಿನ ಬಾಕ್ಸ್ ಅಂದ್ರೆ ಮೂಗು ಮುರಿಯುವವರಿಗೆ ಒಂದು ಮಾತು. ಬ್ರಿಟನ್ನಿನ ಹ್ಯೂಲ್ಯಾಂಡ್ ಇವತ್ತು ರೇಸಿಂಗ್ ಗೇರ್‌ಬಾಕ್ಸ್‌ಗೆ ದೊಡ್ಡ ಹೆಸರು. ಅವರ ಮೊದಮೊದಲ ಬಾಕ್ಸ್‌ಗಳು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಕೇಸಿಂಗ್ ಮೇಲೆ ಕಟ್ಟಿದವು. ನಮ್ಮಲ್ಲಿ ಕೊಯಮತ್ತೂರಿನ ರೇಸರ್ ಎಸ್. ಕರಿವರ್ಧನ್ ಫಾರ್ಮುಲಾ ಮಾರುತಿ ಅನ್ನೋ ಒಂದೇ ಸೀಟಿನ ರೇಸ್ ಕಾರು ಕಟ್ಟಿದಾಗ ಹಾಕಿದ್ದು ಮಾರುತಿ 800ರ ಎಂಜಿನ್ನು, ಗೇರ್‌ಬಾಕ್ಸು. ಎಷ್ಟೋ ಹುಡುಗರು ರೇಸ್ ಕಲಿತದ್ದು ಆ ಕಾರಿನಲ್ಲೇ.

ಇನ್ನು ಬಾಕ್ಸ್ ಹುಡುಕಾಟ. ಹೊಸ ಬೇರಿಂಗ್, ಸೀಲ್, ಸಿಂಕ್ರೋ ರಿಂಗ್‌ಗೆ ಜೆ.ಸಿ. ರೋಡು. ಹಳೇ ಬಾಕ್ಸ್‌ಗೆ ಶಿವಾಜಿನಗರದ ಗುಜರಿ. ಗುಜರಿಯಲ್ಲಿ ಬಾಕ್ಸ್‌ಗಳು ಎಣ್ಣೆ ಜಿಡ್ಡು ಮೆತ್ತಿಕೊಂಡು ಒಂದರ ಮೇಲೊಂದು ಬಿದ್ದಿರುತ್ತವೆ. ಅಂಗಡಿಯವರು ಹೇಳೋದು ಒಂದೇ: "ಒಳ್ಳೇ ಕಂಡೀಷನ್ ಸಾರ್, ಹಾಕಿ ಓಡಿಸಿ." ನಾನು ಕೇಳೋದೂ ಒಂದೇ: "ಭಾಯ್, ಡ್ರೈನ್ ಪ್ಲಗ್ ಬಿಚ್ಚಲಾ?" ಬೇಡ ಅಂದ್ರೆ ಮುಂದಿನ ಅಂಗಡಿ.

ಪ್ಲಗ್ ಬಿಚ್ಚಿ, ಒಳಗೆ ಉಳಿದ ಎಣ್ಣೆಯನ್ನ ಬಿಳಿ ಬಟ್ಟೆ ಮೇಲೆ ಬಿಡಿ. ಚಿನ್ನದ ಬಣ್ಣದ ನುಣ್ಣನೆ ಪುಡಿ ಕಂಡರೆ ಅದು ಸಿಂಕ್ರೋ ರಿಂಗ್‌ನ ಹಿತ್ತಾಳೆ. ಸ್ವಲ್ಪ ಇದ್ದರೆ ಸಹಜ. ಕಪ್ಪು ಬೂದು ಪೇಸ್ಟ್ ಕೂಡ ಸಹಜವೇ. ಬೆರಳಿಗೆ ಚುಚ್ಚುವ ಉಕ್ಕಿನ ಚೂರು ಸಿಕ್ಕರೆ ಆ ಬಾಕ್ಸ್ ಅಲ್ಲೇ ಬಿಡಿ. ಆಮೇಲೆ ಇನ್‌ಪುಟ್ ಶಾಫ್ಟ್ (ಕ್ಲಚ್‌ನಿಂದ ಬಾಕ್ಸ್ ಒಳಗೆ ಹೋಗುವ ದಂಡ) ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಚೂರು ಆಡಿದರೆ ಪರವಾಗಿಲ್ಲ. ಒಳಗೆ ಹೊರಗೆ ಟಕ್ಕು ಟಕ್ಕು ಅಂದರೆ ಬೇರಿಂಗ್ ಹೋಗಿದೆ. ಒಂದೊಂದೇ ಗೇರ್ ಹಾಕಿ ಕೈಯಲ್ಲಿ ತಿರುಗಿಸಿ. ಎಲ್ಲೋ ಒಂದು ಕಡೆ ಮಾತ್ರ ಬಿಗಿ ಹಿಡಿದು ಬಿಟ್ಟರೆ ಹಲ್ಲಿಗೆ ಪೆಟ್ಟಾಗಿದೆ ಅಂತ.

ಆ ಕಾರು ಎಲ್ಲಿ ಓಡಿತ್ತು ಅಂತಲೂ ಕೇಳಿ ನೋಡಿ. ಸಿಲ್ಕ್ ಬೋರ್ಡ್, ಹೆಬ್ಬಾಳದ ಟ್ರಾಫಿಕ್‌ನಲ್ಲಿ ವರ್ಷಗಟ್ಟಲೆ ತೆವಳಿದ ಕಾರಿನ ಒಂದು-ಎರಡರ ಸಿಂಕ್ರೋ ಸವೆದಿರುತ್ತದೆ. ಹೈವೇಯಲ್ಲಿ ಓಡಿದ ಕಾರು ಐದನೇ ಗೇರ್‌ನಲ್ಲೇ ಕಾಲ ಕಳೆದಿರುತ್ತದೆ. ಅದರ ಎರಡು-ಮೂರು ಹೆಚ್ಚುಕಡಿಮೆ ಹೊಸದರ ಹಾಗಿರುತ್ತವೆ. ನಮಗೆ ಟ್ರ್ಯಾಕ್‌ನಲ್ಲಿ ಬೇಕಾಗಿರೋದು ಅವೇ.

ನನ್ನ ಎರಡೂ ಬಾಕ್ಸ್‌ಗಳನ್ನ ಬಿಚ್ಚಿ ಕಟ್ಟಿದ್ದು ವಿಲ್ಸನ್ ಗಾರ್ಡನ್‌ನ ಒಬ್ಬ ಹಳೇ ಮೆಕ್ಯಾನಿಕ್. ಅವರು ಸಿಂಕ್ರೋ ರಿಂಗನ್ನ ಗೇರಿನ ಕೋನ್ (ರಿಂಗ್ ಕೂರುವ ಇಳಿಜಾರು ಭಾಗ) ಮೇಲೆ ಒತ್ತಿ, ರಿಂಗಿಗೂ ಗೇರಿಗೂ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ಸುತ್ತಲೂ ಅಳೆಯುತ್ತಾರೆ. ಸಾಮಾನ್ಯವಾಗಿ ಹೊಸದರಲ್ಲಿ ಒಂದು ಮಿಲಿಮೀಟರ್ ಆಸುಪಾಸು ಇರುತ್ತದೆ. ಅರ್ಧ ಮಿಲಿಮೀಟರಿಗೆ ಬಂದರೆ ರಿಂಗ್ ಬದಲಾಯಿಸಬೇಕು. ರಿಂಗ್ ಹೊಸದು ಹಾಕಿ, ಗೇರಿನ ಪಕ್ಕದ ಸಣ್ಣ ಹಲ್ಲುಗಳ ಚೂಪು ತುದಿ ಮೊಂಡಾಗಿರೋದನ್ನ ಹಾಗೇ ಬಿಟ್ಟರೆ ದುಡ್ಡು ದಂಡ. ಟಾರ್ಚ್ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಒಳ್ಳೇ ಹಲ್ಲಿನ ತುದಿ ಪೆನ್ಸಿಲ್ ಮೊನೆಯ ಹಾಗಿರುತ್ತದೆ. "ಬಾಕ್ಸ್ ಗಟ್ಟಿ ಇದೆ ಸಾರ್, ನೀವು ಲಿವರ್ ಗಟ್ಟಿಯಾಗಿ ಎಳೀಬೇಡಿ ಅಷ್ಟೇ" ಅಂದರು. ನಕ್ಕುಬಿಟ್ಟೆ, ಆದರೆ ಅವರು ತಮಾಷೆಗೆ ಹೇಳಿರಲಿಲ್ಲ.

ಅದೇಕೆ ಅಂತ ಲೆಕ್ಕ ಹಾಕಿ ನೋಡಿ. ಎರಡನೇ ಗೇರ್ ಅನುಪಾತ (ಹೊರಹೋಗುವ ಶಾಫ್ಟ್ ಒಂದು ಸುತ್ತು ತಿರುಗೋಕೆ ಇನ್‌ಪುಟ್ ಶಾಫ್ಟ್ ತಿರುಗಬೇಕಾದ ಸುತ್ತು) 1.9, ಮೂರನೇದು 1.28 ಅಂತ ಇಟ್ಟುಕೊಳ್ಳಿ. 6500 ಆರ್‌ಪಿಎಂನಲ್ಲಿ ಎರಡರಿಂದ ಮೂರಕ್ಕೆ ಹಾಕಿದರೆ ಇನ್‌ಪುಟ್ ಶಾಫ್ಟು, ಕ್ಲಚ್ ಪ್ಲೇಟು ಎರಡೂ 4400ರ ಹತ್ತಿರಕ್ಕೆ ಇಳಿಯಬೇಕು. 2100 ಆರ್‌ಪಿಎಂ ವ್ಯತ್ಯಾಸವನ್ನ ಒಂದು ಹಿತ್ತಾಳೆ ಉಂಗುರ ಉಜ್ಜಿ ಉಜ್ಜಿ ನುಂಗಬೇಕು. ಚೂರು ಸಮಯ ಕೊಟ್ಟರೆ ನುಂಗುತ್ತದೆ. ಲಿವರ್ ಜಗ್ಗಿದರೆ ಕರ್ ಅನ್ನುತ್ತದೆ.

ಗೇರ್ ಇಳಿಸುವಾಗಿನ ಕಥೆ ಇನ್ನೂ ಸ್ವಾರಸ್ಯ. ಹೀಲ್ ಅಂಡ್ ಟೋ (ಬಲಗಾಲಿನಲ್ಲೇ ಬ್ರೇಕ್ ಒತ್ತುತ್ತಾ ಆಕ್ಸಿಲರೇಟರನ್ನೂ ತಟ್ಟೋದು) ಮಾಡಿದರೆ ಸಿಂಕ್ರೋ ಉಳಿಯುತ್ತದೆ ಅಂತ ಪ್ಯಾಡಕ್‌ನಲ್ಲಿ, ಅಂದ್ರೆ ಟ್ರ್ಯಾಕ್ ಪಕ್ಕ ಕಾರುಗಳನ್ನ ಸಿದ್ಧಮಾಡುವ ಜಾಗದಲ್ಲಿ, ಎಲ್ಲರೂ ಹೇಳುತ್ತಾರೆ. ಆದರೆ ಕ್ಲಚ್ ಒತ್ತಿಕೊಂಡೇ ಆಕ್ಸಿಲರೇಟರ್ ಕೊಟ್ಟರೆ ಏರೋದು ಎಂಜಿನ್ ವೇಗ ಮಾತ್ರ. ಇನ್‌ಪುಟ್ ಶಾಫ್ಟಿಗೆ ಆಗ ಎಂಜಿನ್ ಸಂಬಂಧವೇ ಇರೋದಿಲ್ಲ ಅಲ್ವಾ? ಹಾಗಾಗಿ ಹೀಲ್ ಅಂಡ್ ಟೋದಿಂದ ಕ್ಲಚ್ ಉಳಿಯುತ್ತದೆ, ಚಕ್ರ ಲಾಕ್ ಆಗೋದು ತಪ್ಪುತ್ತದೆ, ಡಿಫರೆನ್ಷಿಯಲ್‌ಗೆ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಜೋಡಣೆ) ಬೀಳುವ ಏಟು ತಪ್ಪುತ್ತದೆ. ಸಿಂಕ್ರೋಗೆ ಅದರಿಂದ ಏನೂ ಲಾಭ ಇಲ್ಲ. ಸಿಂಕ್ರೋ ಉಳೀಬೇಕಾದರೆ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ಆಕ್ಸಿಲರೇಟರ್ ಕೊಟ್ಟು ಮತ್ತೆ ಒತ್ತುವ ಡಬಲ್ ಕ್ಲಚ್ ಬೇಕು. ಹಳೇ ಲಾರಿ ಡ್ರೈವರ್‌ಗಳು ಇದನ್ನ ನಿದ್ದೆಯಲ್ಲೂ ಮಾಡುತ್ತಿದ್ದರು. ರೇಸ್‌ನಲ್ಲಿ ಪ್ರತಿ ತಿರುವಿಗೂ ಆಗೋದಿಲ್ಲ ನಿಜ, ಆದರೆ ಮೂರರಿಂದ ಎರಡಕ್ಕೆ ಇಳಿಸುವಾಗ ನಾನು ಬಿಡೋದಿಲ್ಲ.

ಇದೇ ಕಾರಣಕ್ಕೆ ಕ್ಲಚ್ ಪ್ಲೇಟ್ ಆರಿಸುವಾಗ ಹಗುರದ್ದೇ ನೋಡಿದೆ. ಅದು ಇನ್‌ಪುಟ್ ಶಾಫ್ಟ್ ಮೇಲೆ ಕೂರುವ ತೂಕ, ಅದನ್ನ ನಿಧಾನಿಸೋದೂ ಓಡಿಸೋದೂ ಸಿಂಕ್ರೋ ಕೆಲಸವೇ. ಆದರೆ ನಡುವಿನ ಸ್ಪ್ರಿಂಗ್ ಇಲ್ಲದ ಪ್ಲೇಟ್ ಬೇಡ ಅಂದೆ. ಆ ಸ್ಪ್ರಿಂಗ್ ಇಲ್ಲದಿದ್ದರೆ ಏಟು ನೇರ ಗೇರಿನ ಹಲ್ಲಿಗೆ ಬೀಳುತ್ತದೆ. ಕ್ಲಚ್ ಪೂರ್ತಿ ಬಿಡುತ್ತಿದೆಯಾ ಅಂತ ನೋಡೋಕೂ ಸುಲಭದ ದಾರಿ ಇದೆ. ಎಂಜಿನ್ ಓಡುತ್ತಿರಲಿ, ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ಕಾದು ರಿವರ್ಸ್ ಹಾಕಿ. ರಿವರ್ಸ್‌ಗೆ ಸಿಂಕ್ರೋ ಇಲ್ಲದ ಬಾಕ್ಸ್‌ಗಳಲ್ಲಿ ಶಾಫ್ಟ್ ಇನ್ನೂ ತಿರುಗುತ್ತಿದ್ದರೆ ಕರಕರ ಅನ್ನುತ್ತದೆ. ಅಂದರೆ ಕೇಬಲ್ ಸರಿಮಾಡಬೇಕು, ಅಥವಾ ಪ್ಲೇಟ್ ಸೊಟ್ಟಗಾಗಿದೆ. ಎಂಜಿನ್ ಮೌಂಟ್ (ಎಂಜಿನ್ನನ್ನ ಕಾರಿಗೆ ಹಿಡಿದಿಡುವ ರಬ್ಬರ್ ಆಧಾರ) ಸಡಿಲ ಇದ್ದರೂ ಕಷ್ಟ. ತಿರುವಿನಿಂದ ಆಚೆ ಬರುವಾಗ ಎಂಜಿನ್ ಬಾಕ್ಸ್ ಸಮೇತ ಓಲಾಡುತ್ತದೆ, ಲಿವರ್‌ನಿಂದ ಬರುವ ರಾಡ್ ಎಳೆದಂತಾಗಿ ಗೇರ್ ಅರ್ಧ ಮಾತ್ರ ಕೂರುತ್ತದೆ. ಗಟ್ಟಿ ರಬ್ಬರ್ ಮೌಂಟ್ ಹಾಕಿಸಿದ್ದು ಗೇರ್‌ಬಾಕ್ಸ್‌ಗೆ ನಾನು ಮಾಡಿದ ಅತಿ ಅಗ್ಗದ ಉಪಕಾರ.

ಎಣ್ಣೆ ವಿಷಯ ಚಿಕ್ಕದಾಗಿ. ಗೇರ್ ಎಣ್ಣೆಯ ದರ್ಜೆಗಳಲ್ಲಿ ಜಿಎಲ್-5 ಅಂದ್ರೆ ಜಿಎಲ್-4ಕ್ಕಿಂತ ಒಂದು ನಂಬರ್ ಮೇಲೆ, ಹಾಗಾಗಿ ಒಳ್ಳೇದು ಅಂತ ಹಾಕಿಸಿಕೊಂಡು ಬರುತ್ತಾರೆ. ಜಿಎಲ್-5ರಲ್ಲಿ ಗಂಧಕ-ರಂಜಕದ ಅಂಶ ಜಾಸ್ತಿ. ಅದು ಡಿಫರೆನ್ಷಿಯಲ್‌ನ ಹೈಪಾಯ್ಡ್ (ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಉಜ್ಜುವ) ಗೇರ್‌ಗೆ ಬೇಕಾದದ್ದು. ಹಿತ್ತಾಳೆ ರಿಂಗಿಗೆ ಅದು ಒಳ್ಳೇದಲ್ಲ, ಮೇಲಾಗಿ ಎಣ್ಣೆ ತೀರಾ ಜಾರಿದರೆ ಸಿಂಕ್ರೋ ಹಿಡಿಯುವುದೇ ಇಲ್ಲ. ನಾನು ಹಾಕೋದು 75ಡಬ್ಲ್ಯೂ-90 ಮಂದತೆಯ ಜಿಎಲ್-4, ಪ್ರತಿ ರೇಸ್ ವೀಕೆಂಡ್ ಆದ ಮೇಲೆ ಬದಲಾವಣೆ. ಡ್ರೈನ್ ಪ್ಲಗ್‌ಗೆ ಅಯಸ್ಕಾಂತ ಇರೋದನ್ನೇ ಹಾಕಿದ್ದೇನೆ. ಅದಕ್ಕೆ ಅಂಟಿದ್ದನ್ನ ಒರೆಸಿ ಒಂದು ಕಾಗದದಲ್ಲಿ ಮಡಿಸಿ ತಾರೀಕು ಬರೆದಿಡುತ್ತೇನೆ. ಹಿಂದಿನ ಪೊಟ್ಟಣದ ಪಕ್ಕ ಇಟ್ಟು ನೋಡಿದರೆ ಬಾಕ್ಸ್ ಬಿಚ್ಚೋ ಹೊತ್ತು ಬಂತಾ ಇಲ್ಲವಾ ತಿಳಿಯುತ್ತದೆ.

ಎರಡನೇ ಬಾಕ್ಸ್ ಟ್ರೇಲರ್‌ನಲ್ಲೇ ಇರುತ್ತದೆ. ಎಣ್ಣೆ ಸೀಲ್, ಕ್ಲಚ್ ಬೇರಿಂಗ್ ಹಾಕಿ ರೆಡಿ ಮಾಡಿಟ್ಟದ್ದು, ಜೊತೆಗೆ ಡ್ರೈವ್ ಶಾಫ್ಟ್ ಒಂದು ಜೋಡಿ. ಶನಿವಾರ ಸಂಜೆ ಗೇರ್ ಹೋದರೂ ಪ್ಯಾಡಕ್‌ನಲ್ಲಿ ಇಬ್ಬರು ಸೇರಿ ರಾತ್ರಿಯೊಳಗೆ ಬದಲಾಯಿಸಬಹುದು. ಜ್ಯಾಕ್ ಮಾತ್ರ ಒಳ್ಳೇದು ತಗೊಳ್ಳಿ, ಬಾಕ್ಸನ್ನ ಎದೆ ಮೇಲೆ ಇಟ್ಟುಕೊಂಡು ಎತ್ತುವ ಸಾಹಸ ಬೇಡ.