ನಗದು ಬಹುಮಾನ ಇಲ್ಲದೆ ಅಹ್ಮದ್ ಖಾನ್ ನೆನಪಿನ ವೀಕೆಂಡ್: ನನ್ನ ಅನುಭವ

ಕ್ಯಾಶ್ ಪ್ರೈಜ್ ಇಡದಿದ್ದರೆ ಒಂದು ಟೀಮೂ ಬರಲ್ಲ ಅಂತ ನಮ್ಮ ಕಡೆ ಫುಟ್‌ಬಾಲ್ ಟೂರ್ನಮೆಂಟ್ ಮಾಡುವವರೆಲ್ಲ ಹೇಳಿದ್ದರು. ಈ ಆಗಸ್ಟ್‌ನಲ್ಲಿ ಇಪ್ಪತ್ತು ಟೀಮ್ ಆಡಿದವು. ಇನ್ನೂ ಏಳೆಂಟು ಟೀಮಿಗೆ ಜಾಗ ಇಲ್ಲ ಅಂತ ನಾನೇ ಹೇಳಬೇಕಾಯಿತು. ತೀರಿಕೊಂಡ ಆಟಗಾರರ ಹೆಸರಲ್ಲಿ ಶನಿವಾರ, ಭಾನುವಾರ ಮ್ಯಾಚ್ ನಡೆಸುವವರು ಬೆಂಗಳೂರಲ್ಲಿ ಬಹಳ ಜನ ಇದ್ದಾರೆ. ಅವರಿಗೋಸ್ಕರ ಬರೆಯುತ್ತಿದ್ದೇನೆ.

ನಾವು ನೆನೆಯುವುದು ಒಲಿಂಪಿಯನ್ ಅಹ್ಮದ್ ಖಾನ್ ಅವರನ್ನು. ಬೆಂಗಳೂರಲ್ಲೇ ಆಡಿ ಬೆಳೆದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುತೇಕ ಬರಿಗಾಲಲ್ಲಿ ಆಡಿದರಲ್ಲ, ಆ ತಂಡದವರು. ಫ್ರಾನ್ಸ್ ವಿರುದ್ಧ 2-1ರಲ್ಲಿ ಸೋತ ಆ ಮ್ಯಾಚಲ್ಲಿ ಭಾರತದ ಗೋಲು ಹೊಡೆದ ರಾಮನ್ ಕೂಡ ಬೆಂಗಳೂರಿನವರೇ. ಆಮೇಲೆ ಅಹ್ಮದ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹ್ಮದ್ ಐವರನ್ನೂ ಜನ ‘ಪಂಚ ಪಾಂಡವರು’ ಅಂತ ಕರೆದರು. ಚೆಂಡು ಅವರ ಕಾಲಿನ ಮಾತು ಕೇಳುತ್ತಿತ್ತು, ಅದಕ್ಕೇ ‘ಹಾವಾಡಿಗ’ ಅನ್ನೋ ಹೆಸರೂ ಬಂತು. 2017ರ ಆಗಸ್ಟ್‌ನಲ್ಲಿ, 90ನೇ ವಯಸ್ಸಲ್ಲಿ ಇದೇ ಊರಲ್ಲಿ ತೀರಿಕೊಂಡರು. ನಮ್ಮ ಏರಿಯಾದ ಹುಡುಗರಿಗೆ ಮೆಸ್ಸಿ ಬಗ್ಗೆ ಎಲ್ಲಾ ಗೊತ್ತು, ಇವರ ಹೆಸರೇ ಗೊತ್ತಿರಲಿಲ್ಲ. ನನಗೆ ಅದು ತಡೆಯಲಾಗಲಿಲ್ಲ.

ಮೊದಲನೇ ವರ್ಷ ಎಲ್ಲರೂ ಮಾಡುವ ಹಾಗೇ ಆಯಿತು. ಹನ್ನೊಂದು ಜನರ ಟೀಮ್, ನಾಕೌಟ್, ಮೊದಲ ಬಹುಮಾನ 30,000. ದುಡ್ಡಿನ ವಾಸನೆಗೆ ಹೊರಗಿನಿಂದ ಟೀಮ್‌ಗಳು ಬಂದವು. ಅರ್ಧ ಜನ ಮ್ಯಾಚಿಗೆ ಇಷ್ಟು ಅಂತ ಮಾತಾಡಿಕೊಂಡು ಬಂದ ಲೀಗ್ ಆಟಗಾರರು. ನಮ್ಮ ಬೀದಿ ಹುಡುಗರು ಬೆಳಿಗ್ಗೆ ಹತ್ತು ಗಂಟೆಗೇ ಔಟ್. ಸೋತವರು ಗಾಡಿ ಹತ್ತಿ ಹೋದರು, ಮತ್ತೆ ಯಾರು ಬರುತ್ತಾರೆ? ಭಾನುವಾರ ಸಂಜೆ ಶ್ರದ್ಧಾಂಜಲಿಗೆ ಮುಖ್ಯ ಅತಿಥಿ ಎರಡು ಗಂಟೆ ತಡವಾಗಿ ಬಂದರು. ಅಷ್ಟೊತ್ತಿಗೆ ಶಾಮಿಯಾನದ ಕೆಳಗೆ ಕುರ್ಚಿ ಎತ್ತುವವರು, ನಾವು, ಗೆದ್ದ ಟೀಮ್ ಮಾತ್ರ. ಒಟ್ಟು ಖರ್ಚು ಒಂದೂವರೆ ಲಕ್ಷದ ಹತ್ತಿರ. ಕೊನೆಗೆ ಸುಮಾರು 40,000 ಕೈಯಿಂದ ಬಿತ್ತು.

ಎರಡನೇ ವರ್ಷ ಬಹುಮಾನ ಅರ್ಧಕ್ಕೆ ಇಳಿಸಿ ನೋಡಿದೆವು. ಜಗಳ ಅರ್ಧ ಆಗಲಿಲ್ಲ. ಸೆಮಿಫೈನಲ್‌ನಲ್ಲಿ ಒಂದು ಆಫ್‌ಸೈಡ್‌ಗೆ ಕಾಲರ್ ಹಿಡಿಯುವ ಮಟ್ಟಕ್ಕೆ ಹೋಯಿತು, ರೆಫ್ರಿ ವಿಸಲ್ ಕೈಗೆ ಕೊಟ್ಟು ಹೊರಟರು. ಎಂಟು ಸಾವಿರ ಕೊಟ್ಟು ಹಾಕಿಸಿದ ಫ್ಲೆಕ್ಸ್ ಬೆಳಗಾಗುವಷ್ಟರಲ್ಲಿ ಹರಿದಿತ್ತು. ಕೋವಿಡ್ ಬಂದು ಎಲ್ಲಾ ನಿಂತಿತು. ಆ ಬಿಡುವಲ್ಲಿ ಯೋಚನೆ ಮಾಡಲು ಟೈಮ್ ಸಿಕ್ಕಿತು.

ಮತ್ತೆ ಶುರು ಮಾಡಿದಾಗ ಕ್ಯಾಶ್, ಸ್ಟೇಜ್, ಮುಖ್ಯ ಅತಿಥಿ, ಮೂರನ್ನೂ ತೆಗೆದುಹಾಕಿದೆ. ಕಮಿಟಿಯಲ್ಲಿ ಇಬ್ಬರು ಸಿಟ್ಟಾಗಿ ಎದ್ದು ಹೋದರು. ಈಗ ಐದೈದು ಜನರ ಟೀಮ್, ಹತ್ತು ಹತ್ತು ನಿಮಿಷದ ಎರಡು ಹಾಫ್. ಗ್ರೌಂಡಿಗೆ ಅಡ್ಡಲಾಗಿ ಎರಡು ಪಿಚ್. ಐದು ಟೀಮಿನ ನಾಲ್ಕು ಗ್ರೂಪ್. ಸೋತರೂ ಗೆದ್ದರೂ ಪ್ರತಿ ಟೀಮಿಗೆ ನಾಲ್ಕು ಮ್ಯಾಚ್ ಗ್ಯಾರಂಟಿ, ಎರಡು ಶನಿವಾರ, ಎರಡು ಭಾನುವಾರ. ಅಲ್ಲಿಗೆ ಯಾರೂ ಮನೆಗೆ ಹೋಗಲ್ಲ.

ಇನ್ನೊಂದು ದೊಡ್ಡ ಬದಲಾವಣೆ ಹಳೇ ಆಟಗಾರರದ್ದು. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ ಥರದ ಸರ್ಕಾರಿ ಫ್ಯಾಕ್ಟರಿ, ಸಂಸ್ಥೆಗಳ ಟೀಮಲ್ಲಿ ಆಡಿ ರಿಟೈರ್ ಆದವರು ನಮ್ಮ ಸುತ್ತಮುತ್ತ ಎಷ್ಟೊಂದು ಜನ ಇದ್ದಾರೆ. ಮುಂಚೆ ಅವರನ್ನು ಕರೆದು, ಶಾಲು ಹೊದಿಸಿ, ಸುಮ್ನೆ ಕೂರಿಸುತ್ತಿದ್ದೆವು. ಈಗ ಒಂದೊಂದು ಟೀಮಿಗೆ ಒಬ್ಬೊಬ್ಬರು, ಎರಡೂ ದಿನ ಅದೇ ಬೆಂಚಲ್ಲಿ. ಹಾಫ್‌ಟೈಮಲ್ಲಿ ತಮಿಳು, ಉರ್ದು, ಕನ್ನಡ ಬೆರೆಸಿ ಬೈಯುತ್ತಾರೆ, ಬೈಯುತ್ತಲೇ ಅಹ್ಮದ್ ಭಾಯಿ ಕಥೆ ಹೇಳುತ್ತಾರೆ. ಮೈಕ್ ಬೇಕೇ ಆಗಲಿಲ್ಲ. ಎಪ್ಪತ್ತು ದಾಟಿದವರು ಬೆಳಿಗ್ಗೆ ಏಳಕ್ಕೆ ಗ್ರೌಂಡಲ್ಲಿ ಇರುವ ಹಾಗೆ ಹೇಗೆ ಮಾಡುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಮಾತ್ರ ಹೇಳಲ್ಲ. ಯಾರನ್ನು ಯಾವ ಟೀಮಿಗೆ ಹಾಕಬೇಕು ಅನ್ನೋದೂ ನನ್ನ ಹತ್ತಿರವೇ ಇರಲಿ.

ಬರಿಗಾಲ ಮ್ಯಾಚ್ ಬಗ್ಗೆ ಜಾಸ್ತಿ ಹೇಳಬೇಕು. ಭಾನುವಾರ ಮಧ್ಯಾಹ್ನ ಸೆಮಿಫೈನಲ್‌ಗೆ ಮುಂಚೆ ಅರ್ಧ ಗಂಟೆ ಎಲ್ಲರೂ ಬೂಟು ಬಿಚ್ಚಬೇಕು, ರೆಫ್ರಿಯೂ ಸೇರಿ. ಬೂಟು ಹಾಕಿದವನು ಒಬ್ಬ ಇದ್ದರೂ ಬೆರಳು ಹೋಯಿತು ಅಂತಲೇ. ಹಿಂದಿನ ದಿನ ಸಂಜೆ ಹುಡುಗರನ್ನು ಸಾಲಾಗಿ ನಿಲ್ಲಿಸಿ ಗಾಜು, ಮೊಳೆ ಆರಿಸುತ್ತೇವೆ. ಹಳೇ ಸ್ಪೀಕರಿನ ಮ್ಯಾಗ್ನೆಟ್‌ಗೆ ದಾರ ಕಟ್ಟಿ ಎಳೆದರೆ ಮೊಳೆ ತಾನಾಗಿ ಅಂಟುತ್ತದೆ. ಐದು ನಂಬರ್ ಚೆಂಡಿಗೆ ಫುಲ್ ಗಾಳಿ ಇಟ್ಟರೆ ಪಾದದ ಮೇಲ್ಭಾಗ ಕೆಂಪಾಗುತ್ತದೆ. ಅದಕ್ಕೇ ಅದಕ್ಕಿಂತ ಚಿಕ್ಕದಾದ ನಾಲ್ಕು ನಂಬರ್ ಚೆಂಡು, ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ಒಳಗೆ ಹೋಗುವಷ್ಟು ಗಾಳಿ. ಬರಿಗಾಲಲ್ಲಿ ಬೆರಳ ತುದಿಯಿಂದ ಗುದ್ದಲು ಯಾರಿಗೂ ಧೈರ್ಯ ಬರಲ್ಲ. ಐದೇ ನಿಮಿಷಕ್ಕೆ ಹುಡುಗರು ಚೆಂಡನ್ನು ಪಾದದ ಒಳಬದಿಯಲ್ಲಿ ತಳ್ಳುತ್ತಾ, ಹತ್ತಿರ ಇಟ್ಟುಕೊಂಡು ಆಡಲು ಶುರು ಮಾಡುತ್ತಾರೆ. ಹೋದ ವರ್ಷ ಒಬ್ಬ ಹುಡುಗ ಮೂವರನ್ನು ದಾಟಿ ಬಂದ. ಬೆಂಚಲ್ಲಿದ್ದ ಹಿರಿಯರು ಎದ್ದು ನಿಂತು, ಅಹ್ಮದ್ ಆಡುತ್ತಿದ್ದದ್ದು ಹೀಗೇ ಅಂತ ಕೂಗಿದರು. ಅವರ ಬಗ್ಗೆ ನಾವು ಮಾಡಿಸಿದ ಅಷ್ಟೂ ಭಾಷಣದಿಂದ ಆಗದ ಕೆಲಸ ಅದು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಎದುರು ಭಾರತ 10-1ರಲ್ಲಿ ಸೋತಿತು. ಆ ಒಂದು ಗೋಲು ಹೊಡೆದದ್ದು ಅಹ್ಮದ್. ಅದನ್ನಿಟ್ಟುಕೊಂಡು ಒಂದು ಪ್ರಯೋಗ ಮಾಡಿದೆ. ಐದಕ್ಕಿಂತ ಜಾಸ್ತಿ ಗೋಲಿಗೆ ಹಿಂದೆ ಇರುವ ಟೀಮಿನವನು ಗೋಲು ಹೊಡೆದರೆ ಅವನಿಗೊಂದು ಹೊಸ ಚೆಂಡು. ಸೋಲುತ್ತಿರುವವರು ಕೊನೇ ನಿಮಿಷದವರೆಗೂ ಓಡುತ್ತಾರೆ ನೋಡಿ! ಚೆಂಡಿಗೆ 600 ರೂಪಾಯಿ, ಏಳೆಂಟು ಹೋಗುತ್ತವೆ. ಹಳೇ ಮ್ಯಾಚುಗಳ ವಿಡಿಯೊ ಪ್ರೊಜೆಕ್ಟರಲ್ಲಿ ತೋರಿಸುವ ಪ್ರಯೋಗ ಮಾತ್ರ ಮಳೆಗೆ ಕೊಚ್ಚಿಹೋಯಿತು. ಈಗ ಲ್ಯಾಮಿನೇಟ್ ಮಾಡಿದ ಫೋಟೊಗಳನ್ನು ಟಚ್‌ಲೈನ್ ಹಗ್ಗಕ್ಕೆ ಬಟ್ಟೆ ಕ್ಲಿಪ್ ಹಾಕಿ ನೇತುಹಾಕುತ್ತೇವೆ. ಎರಡು ಸಾವಿರದ ಒಳಗೆ ಮುಗಿಯುತ್ತದೆ, ಮಳೆಗೂ ಏನೂ ಆಗಲ್ಲ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಗ್ರೌಂಡ್ 12,000, ರೆಫ್ರಿಗಳಿಗೆ 10,000, ತಿಂಡಿ-ಊಟ 25,000 ಚಿಲ್ಲರೆ, ಆಂಬುಲೆನ್ಸ್ 8,000. ಚೆಂಡು, ಫೋಟೊ, ಕಪ್ ಎಲ್ಲಾ ಸೇರಿ 65-70 ಸಾವಿರ. ಎಂಟ್ರಿ ಫೀ ಟೀಮಿಗೆ 1,500, ಅಲ್ಲಿಗೆ 30,000. ಉಳಿದದ್ದು ಅಂಗಡಿಯವರು, ಹಳೇ ಆಟಗಾರರು ಕೊಡುತ್ತಾರೆ. ಈ ಸಲ ಕೈಯಿಂದ ಒಂದು ರೂಪಾಯಿ ಹೋಗಿಲ್ಲ.

ಆಂಬುಲೆನ್ಸ್ ದುಡ್ಡು ಉಳಿಸೋಣ ಅಂತ ಪ್ರತಿ ಸಲ ಯಾರಾದರೂ ಹೇಳುತ್ತಾರೆ. ನಾನು ಒಪ್ಪಲ್ಲ. 2004ರ ಡಿಸೆಂಬರ್ 5ರಂದು ನಮ್ಮ ಕಂಠೀರವದಲ್ಲೇ, ಫೆಡರೇಷನ್ ಕಪ್ ಫೈನಲಲ್ಲಿ, ಗೋವಾದ ಡೆಂಪೋ ಕ್ಲಬ್ಬಿನ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆಯುವಾಗಲೇ ಗೋಲ್‌ಕೀಪರ್‌ಗೆ ತಾಗಿ ಬಿದ್ದ. ಮತ್ತೆ ಏಳಲಿಲ್ಲ. 25 ವರ್ಷದ ಹುಡುಗ. ಡೆಂಪೋ ಅವನ 10ನೇ ನಂಬರ್ ಜೆರ್ಸಿಯನ್ನೇ ನಿಲ್ಲಿಸಿತು. ಅದಕ್ಕೇ ಶನಿವಾರ ಮೊದಲ ಮ್ಯಾಚಿಗೆ ಮುಂಚೆ ಎಲ್ಲಾ ಕ್ಯಾಪ್ಟನ್‌ಗಳಿಗೂ ಎದೆ ಒತ್ತುವ ಸಿಪಿಆರ್ ಕಲಿಸಿಯೇ ಬಿಬ್ (ಟೀಮ್ ಗುರುತಿಗೆ ಮೇಲೆ ಹಾಕುವ ಬನಿಯನ್) ಕೊಡುತ್ತೇವೆ.

ಮುಂದಿನ ಆಗಸ್ಟ್‌ಗೆ ಹುಡುಗಿಯರ ನಾಲ್ಕು ಟೀಮ್ ಸೇರಿಸುವುದು ಖಚಿತವಾಗಿದೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಭಾರತ ತಂಡದ ಕೆಂಪಯ್ಯ ಅವರ ಹೆಸರಲ್ಲಿ ಇನ್ನೊಂದು ವೀಕೆಂಡ್ ಮಾಡಬೇಕು ಅಂತ ಪಕ್ಕದ ಏರಿಯಾದವರು ಬಂದು ಕೇಳಿದ್ದಾರೆ. ಫಿಕ್ಸ್ಚರ್ ಶೀಟ್, ನಮ್ಮ ಗೋಲ್‌ಪೋಸ್ಟ್, ಎರಡನ್ನೂ ಕೊಡುತ್ತೇನೆ ಅಂದಿದ್ದೇನೆ. ಸಾಗಿಸುವ ಟೆಂಪೋ ಬಾಡಿಗೆ ಅವರದ್ದು.